ಬಾನೆಟ್ಟಿನ ಮೇಲೆ ಕಥೆ ಓಡಿಸಿದ ಉಸ್ತಾದರು

ಉಸ್ತಾದರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅದು ನಮ್ಮ ಪುಣ್ಯ. ಬಂದಿದ್ದರೆ ಅವರು ಆ ಪುಸ್ತಕವನ್ನು ಓದಿಬಿಡುತ್ತಿದ್ದರು, ಓದಿದ್ದರೆ ನಮ್ಮನ್ನೆಲ್ಲ ಅದರ ಪ್ರಕಾರವೇ ಆಡಿಸುತ್ತಿದ್ದರು, ಹಾಗೆ ಆಡಿಸಿದ್ದರೆ ಕಳಸದಲ್ಲಿ ಆ ಆಟ ಎರಡು ಭಾನುವಾರವೂ ಬಾಳುತ್ತಿರಲಿಲ್ಲ.

ಕಳಸದಿಂದ ಸಂಸೆಗೆ ಹೋಗುವ ರಸ್ತೆಯ ತಿರುವೊಂದರಲ್ಲಿ ಅವರ ಜೀಪ್ ಗ್ಯಾರೇಜು. ಅದಕ್ಕೆ ಬೋರ್ಡ್ ಇರಲಿಲ್ಲ. ಬೋರ್ಡ್ ಹಾಕಿದರೆ ಗೊತ್ತಿಲ್ಲದವರೂ ಬರುತ್ತಾರೆ, ಗೊತ್ತಿದ್ದವರ ಗಾಡಿಗಳೇ ಸಾಕಾಗಿವೆ ಎನ್ನುತ್ತಿದ್ದರು. ತಮ್ಮ ಹೆಸರಿನ ವಿಷಯದಲ್ಲೂ ಅವರ ಧೋರಣೆ ಅಷ್ಟೇ. ಊರಿಗೆಲ್ಲ ಅವರು ಉಸ್ತಾದರು. ರೇಷನ್ ಕಾರ್ಡಿನಲ್ಲಿದ್ದ ಹೆಸರು ಅವರಿಗಾದರೂ ನೆನಪಿತ್ತೋ ಇಲ್ಲವೋ, ನಾನೂ ಅದನ್ನು ಇಲ್ಲಿ ಬರೆಯುವುದಿಲ್ಲ. ಅವರು ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜೀಪಿನವರು. ಒಬ್ಬ ತನ್ನ ಗೇರ್ ಬಾಕ್ಸಿನ ಕಥೆ ಹೇಳಿದ, ಇನ್ನೊಬ್ಬ ಘಾಟಿಯಲ್ಲಿ ಮುರಿದ ಆಕ್ಸೆಲ್ಲಿನ ಕಥೆ ಹೇಳಿದ. ಆಟದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮರ್ಯಾದಸ್ಥ ಮೆಕ್ಯಾನಿಕ್ಕಿನ ಬಗ್ಗೆ ಅಂಥ ದಿನ ಆಡುವ ಮಾತಲ್ಲ ಅದು ಅಂತ ಇರಬೇಕು. ಹಾಗಾಗಿ ನಾನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕಳಸದ ಅಂಚೆ ಕಚೇರಿಗೆ ಗುಮಾಸ್ತನಾಗಿ ಬಂದೆ. ಬಯಲುಸೀಮೆಯವನು, ಬ್ರಹ್ಮಚಾರಿ, ಭಾನುವಾರ ಏನು ಮಾಡಬೇಕೆಂದು ಗೊತ್ತಿಲ್ಲದವನು. ಹಳೆಯ ಸ್ಕೂಟರಿನ ನೆಪದಲ್ಲಿ ಗ್ಯಾರೇಜಿಗೆ ಹೋಗಿ ಕೂತವನು ಆಮೇಲೆ ಸ್ಕೂಟರು ಮಾರಿದ ಮೇಲೂ ಹೋಗುತ್ತಿದ್ದೆ. ಗುಮಾಸ್ತನೆಂದು ನೂರು ಸಲ ಹೇಳಿದರೂ ಉಸ್ತಾದರು ನನ್ನನ್ನು ಪೋಸ್ಟ್ ಮಾಸ್ಟ್ರೇ ಎಂದೇ ಕರೆದರು. ಸರ್ಕಾರ ಕೊಡದ ಬಡ್ತಿಯನ್ನು ಅವರು ಮೊದಲ ದಿನವೇ ಕೊಟ್ಟಿದ್ದರು.

ಆಟ ಬಂದದ್ದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಕುದುರೆಮುಖದ ಗಣಿಗೆ ಯಾವುದೋ ಯಂತ್ರ ಜೋಡಿಸಿಕೊಡಲು ಹೊರದೇಶದ ಎಂಜಿನಿಯರೊಬ್ಬ ಬಂದಿದ್ದನಂತೆ. ದೇಶಕ್ಕೆ ವಾಪಸಾಗುವ ಮುಂಚೆ ತಾನು ಓಡಿಸುತ್ತಿದ್ದ ಜೀಪನ್ನು ರಿಪೇರಿಗೆ ಬಿಟ್ಟ. ಜೀಪಿನ ಯಜಮಾನರು ಬಂದು ಜೀಪನ್ನು ಒಯ್ದರು, ಸೀಟಿನ ಅಡಿಯಲ್ಲಿದ್ದ ಪೆಟ್ಟಿಗೆ ತಮ್ಮದಲ್ಲವೆಂದು ಬಿಟ್ಟರು. ಗಾಡಿಯಲ್ಲಿ ಸಿಕ್ಕಿದ್ದನ್ನು ಒಂದು ವರ್ಷ ಮುಟ್ಟಬಾರದು ಎಂಬುದು ಉಸ್ತಾದರ ನೇಮ. ವರ್ಷ ತುಂಬಿ ತೆರೆದರೆ ಒಳಗೆ ಒಂದು ಹಿಡಿ ದಾಳ, ದಪ್ಪನೆಯ ಪುಸ್ತಕ. ಗೆದ್ದಲು ಅವರಿಗಿಂತ ಮೊದಲೇ ಓದಲು ಶುರುಮಾಡಿತ್ತು.

ಆಟ ಇಷ್ಟೇ. ನಾಲ್ಕೈದು ಜನ ಸುತ್ತ ಕೂರುವುದು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ: ಒಬ್ಬ ಸೇನಾಪತಿ, ಒಬ್ಬ ವೈದ್ಯ, ಒಬ್ಬ ಹೊರೆಯಾಳು. ಒಬ್ಬ ಮಾತ್ರ ಪಾತ್ರ ಕಟ್ಟದೆ ಕಥೆ ನಡೆಸುತ್ತಾನೆ. ಎದುರಿಗೆ ಹೊಳೆ ಇದೆ, ಏನು ಮಾಡುತ್ತೀರಿ ಎಂದು ಅವನು ಕೇಳಬೇಕು. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಅದು ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಕಡೆ ದಾಳ ಉರುಳಿಸುವುದು, ದೊಡ್ಡದು ಬಿದ್ದರೆ ಕೈಗೂಡಿತು, ಚಿಕ್ಕದು ಬಿದ್ದರೆ ಇಲ್ಲ. ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಆದ್ದರಿಂದ ಅದು ಆಟವೆಂದು ನಮಗೆ ಅರ್ಥವಾಗಲು ಆರು ತಿಂಗಳು ಹಿಡಿಯಿತು.

ಉಸ್ತಾದರು ಅದನ್ನು ಟ್ರಿಪ್ ಎಂದು ಕರೆದರು. ಕಥೆ ನಡೆಸುವವನು ಡ್ರೈವರ್. ಗುಜರಿಗೆ ಹೋಗಬೇಕಿದ್ದ ಜೀಪೊಂದರ ಬಾನೆಟ್ ಬಿಚ್ಚಿ ನಾಲ್ಕು ಡ್ರಮ್ಮಿನ ಮೇಲೆ ಇಟ್ಟರೆ ಅದೇ ಮೇಜು. ಪೆಟ್ಟಿಗೆಯಲ್ಲಿದ್ದ ಹತ್ತಿಪ್ಪತ್ತು ಮುಖದ ದಾಳಗಳ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ದೊಡ್ಡದೊಂದು ಬೋಲ್ಟಿನ ತಲೆ ಕತ್ತರಿಸಿ, ಆರೂ ಮಗ್ಗುಲಿಗೆ ಚುಕ್ಕೆ ಹೊಡೆದು ತಾವೇ ಒಂದು ಮಾಡಿದರು. ಬಾನೆಟ್ಟಿನ ಮೇಲೆ ಅದು ಉರುಳಿದರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಕಾಫಿಯ ಊರಿನಲ್ಲಿ ಅವರು ಕೊಡುತ್ತಿದ್ದದ್ದು ಚಹಾ. ಒಳ್ಳೆ ಕಾಫಿಯೆಲ್ಲ ಹಡಗು ಹತ್ತುತ್ತೆ, ಉಳಿದದ್ದನ್ನು ಕುಡಿಯುವ ಕರ್ಮ ನಮಗೆ ಯಾಕೆ ಎಂಬುದು ಅವರ ವಾದ.

ಪುಸ್ತಕ ಓದಲು ಕುದುರೆಮುಖದಿಂದ ಒಬ್ಬ ಡ್ರಾಫ್ಟ್ಸ್‌ಮನ್ ಬರುತ್ತಿದ್ದರು. ನಕ್ಷೆ ಬರೆಯುವ ಕೆಲಸ, ದೂರದ ಊರಿನವರು, ನಿಯಮವೆಂದರೆ ಪ್ರಾಣ. ಹೊಸದಾಗಿ ಕಥೆ ನಡೆಸುವವರಿಗೆ ಸಲಹೆಗಳು ಎಂಬ ಅಧ್ಯಾಯದಲ್ಲಿ ಗೆದ್ದಲು ಪ್ರತಿ ಸಾಲನ್ನೂ ಅರ್ಧಕ್ಕೆ ನಿಲ್ಲಿಸಿತ್ತು. ಅವರು ಗಂಭೀರವಾಗಿ ಅರ್ಥ ಹೇಳುವರು: ಕಥೆ ನಡೆಸುವವನು ಯಾವ ಕಾರಣಕ್ಕೂ... ಅಲ್ಲಿಂದ ಮುಂದೆ ತೂತು. ಉಸ್ತಾದರು ಸ್ಪಾರ್ಕ್ ಪ್ಲಗ್ ಒರೆಸುತ್ತ, ಹಸಿದವರನ್ನು ಕೂರಿಸಿಕೊಂಡು ಶುರುಮಾಡಬಾರದು ಎಂದು ತುಂಬುವರು. ಆಟಗಾರರು ನೀನು ಹಾಕಿಟ್ಟ ದಾರಿ ಬಿಟ್ಟು ಬೇರೆ ದಾರಿ ಹಿಡಿದರೆ... ಮತ್ತೆ ತೂತು. ಆ ದಾರಿಯನ್ನೇ ರಿಪೇರಿ ಮಾಡು ಎನ್ನುವರು. ಒಬ್ಬನೇ ಆಟಗಾರ ಎಲ್ಲರ ಮಾತನ್ನೂ ಆಡತೊಡಗಿದರೆ... ಘಾಟಿಯಲ್ಲಿ ಎದುರು ಬರೋ ಗಾಡಿಗೆ ಸೈಡ್ ಕೊಡದೋನಿಗೆ ಲೈಸೆನ್ಸ್ ಯಾರು ಕೊಟ್ರು ಅಂತ ಕೇಳು. ಹೀಗೆ ಅರ್ಧ ಪುಸ್ತಕ ಹೊರದೇಶದ್ದು, ಅರ್ಧ ಸಂಸೆ ರಸ್ತೆಯದು. ಉತ್ತಮವಾದ ಅರ್ಧ ಯಾವುದೆಂದು ನಮಗೆ ಗೊತ್ತಿತ್ತು. ಡ್ರಾಫ್ಟ್ಸ್‌ಮನ್‌ಗೆ ಮಾತ್ರ ಅನುಮಾನವಿತ್ತು.

ಇನ್ನಿಬ್ಬರು ಆಟಗಾರರು ಗೌಡರು ಮತ್ತು ಮೇಸ್ತ್ರಿ. ಗೌಡರದು ಸಂಸೆ ಕಡೆ ದೊಡ್ಡ ಎಸ್ಟೇಟು, ನಾಲ್ಕು ಜೀಪು. ಮೇಸ್ತ್ರಿ ಅದೇ ಎಸ್ಟೇಟಿನಲ್ಲಿ ಆಳುಗಳ ಮೇಲುಸ್ತುವಾರಿ. ವಾರದಲ್ಲಿ ಎರಡು ದಿನ ಎಸ್ಟೇಟಿನ ಟಪ್ಪಾಲು ಚೀಲ ಹಿಡಿದು ಅಂಚೆ ಕಚೇರಿಗೆ ಬರುವವರೂ ಅವರೇ, ಭಾನುವಾರ ಗೌಡರ ಜೀಪು ಓಡಿಸುವವರೂ ಅವರೇ. ಗೌಡರು ಆಡುವಾಗ ಅವರು ಬಾಗಿಲ ಹತ್ತಿರ ನಿಂತಿರುತ್ತಿದ್ದರು. ನಿಂತವರನ್ನು ನೋಡಿದರೆ ನನಗೆ ಕಥೆ ಬರಲ್ಲ ಎಂದು ಉಸ್ತಾದರೇ ಒಂದು ಟೈರ್ ಉರುಳಿಸಿಕೊಂಡು ಬಂದು ಅವರನ್ನು ಕೂರಿಸಿದರು. ಆಟಕ್ಕೆ ಅವರನ್ನು ಸೇರಿಸಲು ಉಸ್ತಾದರು ಯಾಕೆ ಅಷ್ಟು ಹಟ ಹಿಡಿದರೆಂದು ಆಗ ನಾನು ಯೋಚಿಸಲಿಲ್ಲ.

ಪಾತ್ರಗಳನ್ನು ಚೀಟಿ ಎತ್ತಿ ಹಂಚುತ್ತಿದ್ದರು. ಚೀಟಿಗೆ ಎಸ್ಟೇಟಿನ ಮರ್ಯಾದೆ ಗೊತ್ತಿಲ್ಲವಲ್ಲ, ಮೇಸ್ತ್ರಿಗೆ ಸೇನಾಪತಿ ಬಂತು, ಗೌಡರಿಗೆ ಹೊರೆಯಾಳು. ಪಾತ್ರ ಬದಲಾದರೂ ಮನುಷ್ಯರು ಬದಲಾಗಲಿಲ್ಲ. ಹೀಗೆ ಹಂಚಿದ ಮೊದಲ ಟ್ರಿಪ್ಪಿನಲ್ಲೇ ಗುಹೆಯ ಬಾಯಲ್ಲಿ ಬೆಂಕಿ ಉಗುಳುವ ಸರ್ಪ ಬಂತು. ಏನು ಮಾಡುತ್ತೀರಿ ಎಂದು ಉಸ್ತಾದರು ಕೇಳಿದರು. ಮೇಸ್ತ್ರಿಗೆ ಹೇಳಿ ನಾಲ್ಕು ಆಳು ಕಳಿಸೋಣ ಎಂದರು ಹೊರೆಯಾಳಾಗಿದ್ದ ಗೌಡರು. ಗೌಡ್ರು ಹೇಳಿದ ಹಾಗೆ ಎಂದರು ಸೇನಾಪತಿ. ಡ್ರಾಫ್ಟ್ಸ್‌ಮನ್ ಸರ್ಪದ ಉದ್ದ ಕೇಳಿದರು. ಗುಹೆ ಯಾವ ಅಂಚೆ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ಕೇಳಿದವನು ನಾನು. ಮುಕ್ಕಾಲು ಗಂಟೆ ಕಾದ ಸರ್ಪ ಕೊನೆಗೆ ನಿದ್ದೆ ಹೋಯಿತು. ಆಟಗಾರರ ಯೋಗ್ಯತೆ ನೋಡಿ ರಾಕ್ಷಸರನ್ನು ತಯಾರಿಸಬೇಕು ಎಂಬ ಪಾಠವನ್ನು ಉಸ್ತಾದರು ಅವತ್ತೇ ಕಲಿತದ್ದು.

ಗೌಡರಿಗೆ ಇನ್ನೊಂದು ಅಭ್ಯಾಸವಿತ್ತು. ಉರುಳಿಸಿದ್ದು ಒಂದೋ ಎರಡೋ ಬಿದ್ದರೆ ಕೈ ಜಾರ್ತು ಎಂದು ಮತ್ತೆ ಉರುಳಿಸುವರು. ನಾಲ್ಕು ಜೀಪಿನ ಯಜಮಾನರ ಕೈ ಜಾರಿಲ್ಲ ಎಂದು ಹೇಳುವವರು ಯಾರು? ಉಸ್ತಾದರೂ ಹೇಳುತ್ತಿರಲಿಲ್ಲ. ತಲೆ ತಗ್ಗಿಸಿ ಪ್ಲಗ್ ಒರೆಸುವರು. ಅವರ ಬಗ್ಗೆ ಭಕ್ತಿಯಿಂದ ಬರೆಯಲು ಹೊರಟಾಗೆಲ್ಲ ಆ ತಗ್ಗಿಸಿದ ತಲೆ ನನಗೆ ಅಡ್ಡ ಬರುತ್ತದೆ.

ಎರಡನೆಯ ವರ್ಷ ಅವರು ಒಂದು ಹೊಸ ನಿಯಮ ತಂದರು. ಜೀಪಿನ ಹಿಂದೆ ನೇತಾಡುವ ಕ್ಲೀನರು ಗಾಡಿಯ ತಗಡಿಗೆ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ಅದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಕಥೆಯಲ್ಲಿ ಯಾರಿಗಾದರೂ ಸಹಿಸಲಾಗದ್ದು ಬಂದರೆ ಬಾನೆಟ್ಟಿಗೆ ಒಂದು ಸಲ ತಟ್ಟಿ, ಕಥೆ ಅಲ್ಲೇ ನಿಲ್ಲುತ್ತೆ, ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ ಎಂದರು. ಇದು ಪುಸ್ತಕದಲ್ಲಿ ಇದೆಯೇ ಎಂದು ಡ್ರಾಫ್ಟ್ಸ್‌ಮನ್ ಹುಡುಕಿದರು. ಬ್ರೇಕ್ ಇಲ್ಲದ ಗಾಡಿ ಯಾರೂ ಹತ್ತಲ್ಲ ಎಂದು ಉಸ್ತಾದರು ಮಾತು ಮುಗಿಸಿದರು. ನಿಯಮ ಬಂದ ಮೊದಲ ವರ್ಷವೆಲ್ಲ ಅದನ್ನು ಬಳಸಿದವರು ಗೌಡರೊಬ್ಬರೇ, ಬಿಸಿ ಬಜ್ಜಿ ಬಂದಾಗ.

ಇಲ್ಲಿ ನಾನು ಒಂದು ಹಳೆಯ ಸಂಗತಿ ಹೇಳಬೇಕು. ನನಗೆ ತಿಳಿದದ್ದು ತಡವಾಗಿ, ನಿಮಗೆ ಮೊದಲೇ ಗೊತ್ತಿರಲಿ. ನಾನು ಕಳಸಕ್ಕೆ ಬರುವ ಮುಂಚೆ ಒಂದು ವರ್ಷ, ಎಸ್ಟೇಟಿನ ಕಣದಲ್ಲಿ ಒಣಗಿಸಿ ಕಟ್ಟಿಟ್ಟಿದ್ದ ಎರಡು ಚೀಲ ಕಾಳುಮೆಣಸು ಕಾಣೆಯಾಯಿತು. ಬೆಳಗಿನ ಮಸ್ಟರಿನಲ್ಲಿ, ಅಂದರೆ ಆಳುಗಳ ಹಾಜರಿ ಹೊತ್ತಿನಲ್ಲಿ, ಗೌಡರು ಎಲ್ಲರೆದುರು ಮೇಸ್ತ್ರಿಯ ಎರಡೂ ಕೈ ಚಾಚಿಸಿ ಮೂಸಿ ನೋಡಿದರು. ಮೆಣಸಿನ ವಾಸನೆ ಬಂತು. ಮೆಣಸು ಕೊಯ್ಯುವ ಕಾಲ, ಅವತ್ತು ಆ ಎಸ್ಟೇಟಿನಲ್ಲಿ ಯಾರ ಕೈ ಮೂಸಿದ್ದರೂ ಅದೇ ವಾಸನೆ ಬರುತ್ತಿತ್ತು, ಮೂಸಿದವರ ಕೈಯೂ ಸೇರಿದಂತೆ. ಆದರೆ ಮೂಸಿದ್ದು ಒಬ್ಬರದನ್ನು ಮಾತ್ರ. ಮಳೆಗಾಲದಲ್ಲಿ ಬಂಗಲೆಯ ಸೂರು ಸೋರಿ ಅಟ್ಟ ಹತ್ತಿದಾಗ ಎರಡೂ ಚೀಲ ಅಲ್ಲಿದ್ದವು. ಗೌಡರೇ ಇಟ್ಟು ಮರೆತಿದ್ದರು. ಸುದ್ದಿ ಅಡುಗೆಯವನ ಬಾಯಿಂದ ಸೋರಿ ಅಲ್ಲಿ ಇಲ್ಲಿ ಹಬ್ಬಿತು. ಗೌಡರ ಬಾಯಿಂದ ಮಾತ್ರ ಬರಲಿಲ್ಲ. ಎಸ್ಟೇಟಿನಲ್ಲಿ ಗೌಡರು ಹೇಳದೇ ಇದ್ದದ್ದು ನಡೆದೇ ಇಲ್ಲ. ದೀಪಾವಳಿಗೆ ಮೇಸ್ತ್ರಿಗೆ ಒಂದು ಹೊಸ ಕಂಬಳಿ ಕೊಟ್ಟರು. ಆಳುಗಳ ಲೈನ್ ಮನೆಯ ಮಕ್ಕಳು ಇಟ್ಟ ಹೆಸರು ಹಾಗೇ ಉಳಿಯಿತು: ಮೆಣಸಿನ ಮೇಸ್ತ್ರಿ.

ನನ್ನ ಜಾಣತನ ಕೇಳಿ. ಮೆಣಸಿನ ಬಳ್ಳಿಯ ಪಳಗಿದ ಕೈ ಇರಬೇಕು, ಅದಕ್ಕೇ ಈ ಬಿರುದು ಎಂದು ನಾನು ತಿಳಿದಿದ್ದೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಹತ್ತು ಜನರ ನಡುವೆ, ಮೆಣಸಿನ ಮೇಸ್ತ್ರಿಯವರೇ ಬನ್ನಿ ಎಂದು ವರ್ಷಗಟ್ಟಲೆ ಮರ್ಯಾದೆಯಿಂದ ಕರೆದಿದ್ದೇನೆ. ಅವರು ಒಂದು ದಿನವೂ ತಿದ್ದಲಿಲ್ಲ. ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ.

ಐದಾರು ವರ್ಷ ಕಳೆದ ಮೇಲೆ ಉಸ್ತಾದರು ನನ್ನನ್ನು ಡ್ರೈವರ್ ಸೀಟಿಗೆ ಕೂರಿಸಿದರು. ಅವರ ಕಣ್ಣು ಮಂಜಾಗಿತ್ತು, ದಾಳದ ಚುಕ್ಕೆ ಕಾಣುತ್ತಿರಲಿಲ್ಲ. ಒಂದು ವಾರ ನನಗೆ ತರಬೇತಿ. ಗಿರಾಕಿ ಬಂದು ಏನು ಸದ್ದು ಬರ್ತಿದೆ ಅಂತ ಹೇಳುವವರೆಗೂ ಬಾನೆಟ್ ಎತ್ತಬೇಡಿ ಎಂದರು. ನಿಮ್ಮ ಕಥೆ ಚೆನ್ನಾಗಿದೆ ಅಂತ ನಿಮಗೆ ಅನ್ನಿಸಿದ ಕೂಡಲೇ ಗೇರ್ ಇಳಿಸಿ ಎಂದರು. ನಾನು ತಲೆಯಾಡಿಸಿ, ಮನೆಗೆ ಹೋಗಿ ಹನ್ನೆರಡು ಪುಟದ ಕಥೆ ಬರೆದುಕೊಂಡು ಬಂದೆ. ಹೊಸ ಡ್ರೈವರುಗಳೆಲ್ಲ ಮಾಡುವುದು ಇದನ್ನೇ, ರಸ್ತೆ ನೋಡುವ ಬದಲು ಸ್ಟೇರಿಂಗ್ ನೋಡುವುದು.

ನನ್ನ ಕಥೆಯಲ್ಲಿ ಅರಮನೆಯ ಉಗ್ರಾಣದಿಂದ ಏಲಕ್ಕಿ ಕಳುವಾಗಿತ್ತು. ರಾಜ ಸೇನಾಪತಿಯ ಮೇಲೆ ಅಪವಾದ ಹೊರಿಸುತ್ತಾನೆ, ಕೊನೆಗೆ ಸೇನಾಪತಿ ನಿಜವಾದ ಕಳ್ಳನನ್ನು ಹಿಡಿಯುತ್ತಾನೆ, ಇದು ನನ್ನ ಉಪಾಯ. ಮೇಸ್ತ್ರಿಯ ಪಾತ್ರಕ್ಕೆ ಒಂದು ಮೆರುಗು ಕೊಡೋಣ ಎಂಬ ಒಳ್ಳೆಯ ಬುದ್ಧಿಯೇ ಇತ್ತು. ಡ್ರಾಫ್ಟ್ಸ್‌ಮನ್ ರಾಜವೈದ್ಯ, ಗೌಡರು ಯಥಾಪ್ರಕಾರ ಹೊರೆಯಾಳು, ಉಸ್ತಾದರು ಕುರುಡು ಲಾಯದವ. ನಾನು ರಾಜನ ದನಿಯಲ್ಲಿ ಸೇನಾಪತಿಯೇ ಕಳ್ಳನೆಂದು ಗುಡುಗಿದೆ. ಕಥೆ ಚೆನ್ನಾಗಿ ಹೋಗುತ್ತಿದೆ ಎಂದು ನನಗೆ ಅನ್ನಿಸಿತು. ಗೇರ್ ಇಳಿಸಲಿಲ್ಲ. ಆಗ ನನ್ನಷ್ಟೇ ಏನೂ ಅರಿಯದ ಡ್ರಾಫ್ಟ್ಸ್‌ಮನ್, ವೈದ್ಯನ ಬುದ್ಧಿವಂತಿಕೆ ತೋರಿಸಲು, ಏಲಕ್ಕಿ ಮುಟ್ಟಿದ್ದರೆ ವಾಸನೆ ಬಂದೇ ಬರುತ್ತೆ, ಸೇನಾಪತಿಯ ಕೈ ಮೂಸಿ ನೋಡಿ ಮಹಾಪ್ರಭು ಎಂದರು.

ಗೌಡರ ಅಂಗೈ ಬಾನೆಟ್ಟಿನ ಮೇಲೆ ಬಿತ್ತು. ಒಂದು ಸಲ.

ಬಜ್ಜಿ ಬಂದಿರಲಿಲ್ಲ. ಅವರ ಮುಖ ನೋಡಿ ನನಗೆ ಏನೋ ತಪ್ಪಾಯಿತೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಕೇಳುವ ಹಾಗೂ ಇಲ್ಲ. ಸರಿ, ಕಥೆ ನಿಲ್ಲಿಸಿದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಸ್ತ್ರಿ ಟೈರಿನಿಂದ ಎದ್ದು ನಿಂತರು. ಗೌಡರ ಎದುರು ದನಿ ಎತ್ತಿದ್ದನ್ನು ಯಾರೂ ಕಾಣದ ಮನುಷ್ಯ. ಬಗ್ಗಿ ಬಾನೆಟ್ಟಿಗೆ ತಟ್ಟಿದರು. ಎರಡು ಸಲ.

ಒಬ್ಬರು ನಿಲ್ಲಿಸು ಅನ್ನುತ್ತಾರೆ, ಒಬ್ಬರು ಹೋಗಲಿ ಅನ್ನುತ್ತಾರೆ. ಡ್ರಾಫ್ಟ್ಸ್‌ಮನ್ ಗಾಬರಿಯಿಂದ ಪುಸ್ತಕ ತಿರುವಿದರು. ನಾನು ಉಸ್ತಾದರನ್ನು ನೋಡಿದೆ. ಡ್ರೈವರ್ ನೀವು ಎಂದರು ಅವರು. ನನ್ನ ಹನ್ನೆರಡು ಪುಟದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಕೊನೆಗೆ ಅವರೇ ಮಾತಾಡಿದರು.

"ನಿಲ್ಸು ಅಂದ್ರೆ ನಿಲ್ಸೋದೇ ಪೋಸ್ಟ್ ಮಾಸ್ಟ್ರೇ, ತಟ್ಟಿದ್ದು ಯಾರೇ ಆಗ್ಲಿ. ಆದ್ರೆ ನಿಲ್ಸಿದೋರು ಕಾಡು ಮಧ್ಯ ಎಲ್ರನ್ನೂ ಇಳ್ಸಿ ಹೋಗೋ ಹಾಂಗಿಲ್ಲ. ಇಲ್ಲಿಂದ ಗಾಡಿ ಎತ್ಲಾಗೆ ಹೋಗ್ಬೇಕು ಅಂತ ಗೌಡ್ರೇ ಹೇಳ್ಲಿ."

ಇಂಥ ನಿಯಮ ಆವರೆಗೆ ಇರಲಿಲ್ಲ. ಅವರು ಅದನ್ನು ಆ ಕ್ಷಣದಲ್ಲಿ ಮಾಡಿದ್ದು. ಗೌಡರು ತಮ್ಮ ಹೊರೆಯಾಳು ಮನೆಗೆ ಹೋಗುತ್ತಾನೆ ಎಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಬಾಗಿಲಿಗೆ ಕಾವಲಿದೆ ಎಂದೆ. ಗೌಡರು ಚಹಾದ ಲೋಟ ಎತ್ತಿದರು, ಅದು ಖಾಲಿಯಾಗಿತ್ತು, ಇಟ್ಟರು. ಆಮೇಲೆ, ಏಲಕ್ಕಿ ಅಟ್ಟದ ಮೇಲಿದೆ ಅಂತ ಹೊರೆಯಾಳು ರಾಜನಿಗೆ ಹೇಳ್ತಾನೆ ಎಂದರು. ನನ್ನ ಕಥೆಯ ಅರಮನೆಗೆ ಅಟ್ಟವೇ ಇರಲಿಲ್ಲ. ಇಟ್ಟವರು ಯಾರು ಎಂದು ರಾಜ ಕೇಳಿದ. ರಾಜನೇ ಇಟ್ಟು ಮರೆತಿದ್ದ ಎಂದರು ಗೌಡರು, ಬಾನೆಟ್ ನೋಡುತ್ತ. ಸೇನಾಪತಿ ಕದ್ದಿಲ್ಲ ಎಂದೂ ಸೇರಿಸಿದರು.

ಹೊರೆಯಾಳಿನ ಮಾತನ್ನು ಸಭೆ ನಂಬುತ್ತದೋ ಇಲ್ಲವೋ, ಉರುಳಿಸಿ ನೋಡಬೇಕು. ಗೌಡರು ಉರುಳಿಸಿದರು. ಒಂದು ಬಿತ್ತು. ಸಭೆಯಲ್ಲಿ ಯಾರೂ ನಂಬಲಿಲ್ಲ. ಅಭ್ಯಾಸಬಲ, ಅವರ ಕೈ ಮತ್ತೆ ಬೋಲ್ಟಿನ ಕಡೆ ಹೋಯಿತು. ಮೇಸ್ತ್ರಿ ಅದರ ಮೇಲೆ ತಮ್ಮ ಅಂಗೈ ಇಟ್ಟರು. ಆಗ ಉಸ್ತಾದರು, ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿದರು.

"ಮತ್ತೆ ಉರುಳ್ಸೋ ಹಾಂಗಿಲ್ಲ ಗೌಡ್ರೆ. ಹೇಳೋದಾದ್ರೆ ಎಷ್ಟು ಸಲ ಬೇಕಾದ್ರೂ ಹೇಳ್ಬಹುದು."

ಗೌಡರು ಎದ್ದು ಹೋದರು. ಮೇಸ್ತ್ರಿ ಜೀಪು ಓಡಿಸಿಕೊಂಡು ಹೋದರು. ಸಂಸೆಯವರೆಗೆ ಅವರಿಬ್ಬರು ಏನು ಮಾತಾಡಿದರೋ, ಬಹುಶಃ ಏನೂ ಇಲ್ಲ. ಡ್ರಾಫ್ಟ್ಸ್‌ಮನ್‌ಗೂ ನನಗೂ ಉಸ್ತಾದರು ಮೆಣಸಿನ ಕಥೆ ಹೇಳಿದ್ದು ಆ ಸಂಜೆ. ಆಟ ಇಲ್ಲಿಗೆ ಮುಗಿಯಿತು, ಮೇಸ್ತ್ರಿಯ ಕೆಲಸವೂ ಹೋಗಬಹುದು ಎಂದು ನಾನು ಹೆದರಿದೆ.

ಬುಧವಾರ ಗೌಡರು ಅಂಚೆ ಕಚೇರಿಗೆ ಸ್ವತಃ ಬಂದು ಒಂದು ರಿಜಿಸ್ಟರ್ ಕಾಗದ ಕೊಟ್ಟರು. ವಿಳಾಸ ಮೇಸ್ತ್ರಿಯದು. ಬಂಗಲೆಯ ಜಗಲಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿರುವ ಲೈನ್ ಮನೆಗೆ, ಹನ್ನೆರಡು ಕಿಲೋಮೀಟರ್ ಸುತ್ತು ಹಾಕಿ ಸರ್ಕಾರದ ಕೈಯಲ್ಲಿ ಕ್ಷಮೆ ಕಳಿಸುವುದು. ಸರ್ಪಕ್ಕೆ ಆಳು ಕಳಿಸಿದ ಬುದ್ಧಿಯೇ. ಶುಕ್ರವಾರ ಮೇಸ್ತ್ರಿ ಟಪ್ಪಾಲು ಚೀಲ ಹಿಡಿದು ಬಂದರು. ಕಾಗದ ತೋರಿಸಿದೆ. ಯಾರದ್ದು ಎಂದು ಕೇಳಿ, ತಿಳಿದು, ತೆರೆಯದೆ ಹಿಂದಕ್ಕೆ ತಳ್ಳಿದರು. ವಾಪಸ್ ಕಳಿಸಿ ಎಂದರು. ನಾನು ಲಕೋಟೆಯ ಮೇಲೆ ಪಡೆಯಲು ನಿರಾಕರಿಸಿದರು ಎಂದು ಬರೆದೆ, ನನ್ನ ನೌಕರಿಯಲ್ಲಿ ಅಷ್ಟು ಸಂತೋಷದಿಂದ ಏನನ್ನೂ ಬರೆದಿಲ್ಲ. ವಾಪಸು ಹೋಗುವ ಕಾಗದ ಗೌಡರಿಗೆ ಸೇರಬೇಕು. ಗೌಡರ ಪರವಾಗಿ ಸಹಿ ಹಾಕಿ ಟಪ್ಪಾಲು ಪಡೆಯುವ ಅಧಿಕಾರ ಮೇಸ್ತ್ರಿಯದೇ. ಆದ್ದರಿಂದ ಬೇಡವೆಂದ ಕಾಗದವನ್ನು ಅವರೇ ಸಹಿ ಹಾಕಿ ಪಡೆದು, ಚೀಲಕ್ಕೆ ಹಾಕಿ, ಬಂಗಲೆಗೆ ಮುಟ್ಟಿಸಿದರು. ಮುಂದಿನ ವಾರ ಇನ್ನೊಂದು ಕಾಗದ ಬಂತು. ಅದೂ ಹಾಗೇ ಹೋಯಿತು. ಆ ಎರಡು ಭಾನುವಾರ ಟ್ರಿಪ್ ಇರಲಿಲ್ಲ.

ಮೂರನೆಯ ವಾರ ಮೇಸ್ತ್ರಿ ಬಂದು ಟಪ್ಪಾಲು ಕೊಟ್ಟು, ಹೋಗುವ ಮುಂಚೆ, ಇವತ್ತು ಬೆಳಿಗ್ಗೆ ಮಸ್ಟರಲ್ಲಿ ಗೌಡ್ರು ಹೇಳಿದ್ರು ಎಂದರು. ಏನು ಹೇಳಿದರೆಂದು ಕೇಳಿದೆ. ಒಂದಕ್ಷರ ಬಿಡದೆ ಒಪ್ಪಿಸಿದರು.

"ಮೆಣಸು ಅಟ್ಟದಲ್ಲಿತ್ತು. ಇಟ್ಟು ಮರ್ತಿದ್ದು ನಾನು. ಮೇಸ್ತ್ರಿ ಕದ್ದಿಲ್ಲ. ಇವತ್ತು ಗೊಬ್ಬರ ಮೇಲಿನ ಬ್ಲಾಕಿಗೆ."

ನೀವು ಏನಂದಿರಿ ಎಂದೆ. ಆಗ್ಲಿ ಅಂದು ಆಳುಗಳನ್ನ ಮೇಲಿನ ಬ್ಲಾಕಿಗೆ ಕರ್ಕಂಡು ಹೋದೆ ಎಂದರು. ಕಿಟಕಿಯ ಆ ಕಡೆ ಅವರ ಕಣ್ಣು ತುಂಬಿತ್ತು. ಈ ಕಡೆ ನನ್ನದೂ.

ಸಂಜೆ ಓಡಿ ಹೋಗಿ ಉಸ್ತಾದರಿಗೆ ಹೇಳಿದೆ. ನನ್ನ ಮೊದಲ ಟ್ರಿಪ್ಪಿನಿಂದಲೇ ಇಷ್ಟೆಲ್ಲ ಆಯಿತು ಎಂಬ ಹೆಮ್ಮೆಯೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ. ಅವರು ಜೀಪಿನ ಅಡಿಯಲ್ಲಿ ಮಲಗಿದ್ದರು. ಕಣ್ಣು ಕಾಣದಿದ್ದರೂ ಕೈಗೆ ಕಾಣುತ್ತಿತ್ತು. ಸ್ಪ್ಯಾನರಿನ ಸದ್ದು ನಿಂತಿತು. ಆಮೇಲೆ ಅಡಿಯಿಂದಲೇ ಮಾತು ಬಂತು.

"ಆ ಚೀಲ ಅಟ್ಟಕ್ಕೆ ಹತ್ಸುವಾಗ ಏಣಿ ಹಿಡ್ದಿದ್ದು ನಾನು, ಪೋಸ್ಟ್ ಮಾಸ್ಟ್ರೇ."

ಆ ದಿನ ಭಾನುವಾರವಂತೆ, ಆಳುಗಳಿಗೆ ರಜೆ. ಉಸ್ತಾದರು ಬಂಗಲೆಗೆ ಜೀಪು ರಿಪೇರಿಗೆ ಹೋಗಿದ್ದರು. ಅಕಾಲದ ಮೋಡ ಕಟ್ಟಿತು. ಗೌಡರು ಗಡಿಬಿಡಿಯಲ್ಲಿ ಚೀಲ ಎತ್ತಿದರು, ಇವರು ಏಣಿ ಹಿಡಿದರು. ಮಾರನೆಯ ದಿನ ಗೌಡರು ಯಾವುದೋ ಮದುವೆಗೆ ಮಂಗಳೂರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರು, ಮರೆತರು. ಬಂದ ಮೇಲೆ ಮೇಸ್ತ್ರಿಯ ಕೈ ಮೂಸಿದ ಸುದ್ದಿ, ಮೂಸಿದ ಮೂರನೆಯ ದಿನವೇ ಗ್ಯಾರೇಜಿಗೆ ಬಂತು. ನಾಳೆ ಹೋಗಿ ಹೇಳೋಣ ಅಂದುಕೊಂಡರಂತೆ. ನಾಲ್ಕು ಜೀಪು ಅವರ ಗ್ಯಾರೇಜಿಗೆ ಬರುತ್ತಿದ್ದವು. ಯಜಮಾನರಿಗೆ ನೀವು ತಪ್ಪಿದಿರಿ ಎನ್ನಲು ನಾಳೆಯೇ ಬರಲಿಲ್ಲ. ಮಳೆಗಾಲಕ್ಕೆ ಚೀಲ ಸಿಕ್ಕ ಮೇಲೆ, ಇನ್ನು ನನ್ನ ಮಾತು ಯಾಕೆ ಎಂದು ಸುಮ್ಮನಾದರು. ಇಷ್ಟನ್ನು ಹೇಳಿ, ಜೀಪಿನ ಅಡಿಯಿಂದ ಹೊರಗೆ ಬರದೆ ಹಾಗೇ ಮಲಗಿದ್ದರು. ನನಗೆ ಸಿಟ್ಟು ಬಂತು. ಅವರ ಮೇಲೆ ನನಗೆ ಬಂದ ಸಿಟ್ಟು ಅದೊಂದೇ, ಆದರೆ ಚೆನ್ನಾಗಿಯೇ ಬಂತು. ನನಗೆ ಯಾಕೆ ಹೇಳುತ್ತೀರಿ ಎಂದು ಕೇಳಿ ಎದ್ದು ಬಂದೆ.

ಭಾನುವಾರ ನಾಲ್ವರೂ ಬಂದರು. ಚಹಾ ಬರುವ ಮುಂಚೆಯೇ, ಬಾನೆಟ್ಟಿನ ಮುಂದೆ ನಿಂತು, ಉಸ್ತಾದರು ಅದನ್ನೆಲ್ಲ ಮೇಸ್ತ್ರಿಗೆ ಹೇಳಿದರು. ಗೌಡರ ಹಾಗೆ ಕೊನೆಗೆ ಗೊಬ್ಬರದ ಮಾತು ಸೇರಿಸದೆ ಹೇಳಿದರು. ಗೌಡರು ಬೆಪ್ಪಾಗಿ ನೋಡಿದರು, ಏಣಿ ಹಿಡಿದವರು ಯಾರೆಂಬುದು ಅವರಿಗೆ ನೆನಪೇ ಇರಲಿಲ್ಲ. ಮೇಸ್ತ್ರಿ ಹೋಗಿ ಟೈರಿನ ಮೇಲೆ ಕೂತರು. ಚಹಾ ಬಂತು, ಕುಡಿದರು. ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ನೀವೇ ಓಡ್ಸಿ. ಚೀಟಿ ಬ್ಯಾಡ. ಇವತ್ತು ಹೊರೆ ಉಸ್ತಾದ್ರು ಹೊರ್ಲಿ."

ನಾನು ಏನನ್ನೂ ಬರೆದುಕೊಂಡು ಹೋಗಿರಲಿಲ್ಲ. ಎದುರಿಗೆ ಒಂದು ಗುಡ್ಡ ಇದೆ, ದಾಟಬೇಕು ಎಂದೆ. ಸೇನಾಪತಿ ಹೊರೆಯಾಳಿನ ಬೆನ್ನಿಗೆ ಡೇರೆ ಹೇರಿಸಿದರು. ಅರ್ಧ ದಾರಿಯಲ್ಲಿ ಪಾತ್ರೆಗಳನ್ನು ಹೇರಿಸಿದರು. ಮುಕ್ಕಾಲು ದಾರಿಯಲ್ಲಿ, ನಡೆಯಲಾರೆ ಎಂದ ರಾಜವೈದ್ಯನನ್ನೂ ಹೇರಿಸಿದರು. ಪ್ರತಿ ಸಲವೂ ಉಸ್ತಾದರು, ಹೊರುತ್ತೇನೆ ಎಂದು ಮಾತ್ರ ಹೇಳಿದರು. ಯಾರೂ ನಗಲಿಲ್ಲ, ಡ್ರಾಫ್ಟ್ಸ್‌ಮನ್ ಕೂಡ ನಿಯಮ ಕೇಳಲಿಲ್ಲ. ಗುಡ್ಡದ ನೆತ್ತಿಗೆ ಬಂದಿರಿ ಎಂದು ನಾನು ಹೇಳಿದಾಗ ಹೊರಗೆ ಬೆಳಕು ಇಳಿದಿತ್ತು. ಮೇಸ್ತ್ರಿ ಟೈರಿನಿಂದ ಎದ್ದು ಹೋಗಿ ಉಸ್ತಾದರ ಹೆಗಲ ಮೇಲೆ ಕೈ ಇಟ್ಟರು.

"ಸಾಕು," ಎಂದರು. "ಇಳ್ಸಿ ಉಸ್ತಾದ್ರೆ."